ಬಾಯಲ್ಲಿ ಕಲ್ಲುಸಕ್ಕರೆ

ಹೇಳುತ್ತೇನೋ ಇಲ್ಲವೋ. ಹೇಳಿದರೂ ಅದು ನಾಟುತ್ತದೋ ಇಲ್ಲವೋ. ನಾಟಿದರೂ, ಒಂದು ಮಾತಿಗೆ ಬಾಯಿ ತೆಗೆದವನು ಅದರ ಬೆನ್ನಿಗೇ ಬರುವ ಇನ್ನೊಂದನ್ನು ತಡೆದುಕೊಳ್ಳುತ್ತೇನೋ ಇಲ್ಲವೋ. ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತವನು ತುಟಿಯನ್ನಷ್ಟೇ ಆಡಿಸಿ ನೋಡಿದೆ. ಗಟ್ಟಿಯಾಗಿ ಅಭ್ಯಾಸ ಮಾಡುವಂತಿರಲಿಲ್ಲ. ಹಿತ್ತಲಲ್ಲಿ ಮನೆಯೊಡತಿ ಚಂಪಕ್ಕ ಪಾತ್ರೆ ತೊಳೆಯುತ್ತಿದ್ದರು. ಅವರ ಕಿವಿಗೆ ಬಿದ್ದಿದ್ದರೆ ಅರ್ಧ ತೊಳೆದ ಬಾಣಲೆ ಹಿಡಿದುಕೊಂಡೇ ಎದ್ದು ಹೋಗಿಬಿಡುತ್ತಿದ್ದರು. ಎಲ್ಲಿಗೆ ಅಂತ ಅವರಿಗೂ ಗೊತ್ತಾಗುತ್ತಿರಲಿಲ್ಲ.

ಬಸ್ಸು ಸಂಜೆ ನಾಲ್ಕಕ್ಕೆ. ಚಂಪಕ್ಕನ ಮಗಳು ವನಮಾಲಾ ಒಳಕೋಣೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದರು. ಅವರು ಹೋಗುವುದೂ ಹೋಗದಿರುವುದೂ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ಮಾತಾಡಲು ಬೇಸರಪಡುವ ನನ್ನಂಥವನ ಮೇಲೆ ಅದು ಬಂದು ನಿಂತದ್ದು ಹೇಗೆಂದು ಯೋಚಿಸುತ್ತ ಗಲ್ಲ ಕೊಯ್ದುಕೊಂಡೆ.

ಆ ಊರಿಗೆ ನಾನು ಹೋಗಿ ಎಂಟು ತಿಂಗಳಾಗಿತ್ತು. ಸ್ಪ್ಯಾನಿಷ್‌ನಲ್ಲಿ ಎಂ.ಎ. ಮಾಡಿ ಎರಡು ವರ್ಷ ಮನೆಯಲ್ಲಿ ಕೂತಿದ್ದೆ. ಆ ಊರಿನ ಆಸ್ಪತ್ರೆಯ ಹನ್ನೊಂದು ನರ್ಸುಗಳು ಸ್ಪೇನಿನ ಒಂದು ವೃದ್ಧಾಶ್ರಮದ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ, ಭಾಷೆ ಕಲಿಸಲು ಜನ ಬೇಕು ಎಂದು ಕಾಗದ ಬಂತು. ಹೊರಟೆ. ಊರಿನ ಬಸ್ಸಿನಲ್ಲೇ ನನಗೆ ಮೊದಲ ಸುಳಿವು ಸಿಗಬೇಕಿತ್ತು. ಬಾಗಿಲಲ್ಲಿ ಜೋತುಬಿದ್ದವರನ್ನು ನೋಡಿ ಕಂಡಕ್ಟರ್, "ಹಿಂದುಗಡೆ ಜಾಗ ಖಾಲಿ ಇದೆ ಅಂತ ಕೇಳಿದೀನಿ. ಖಾಲಿ ಜಾಗ ಅಂದ್ರೆ ನನಗೆ ಬಹಳ ಸಂಕಟ" ಅಂದ. ಎಲ್ಲರೂ ಅವನ ಸಂಕಟ ನೋಡಲಾರದೆ ಹಿಂದೆ ಸರಿದರು. ಸಭ್ಯರ ಊರು ಅಂದುಕೊಂಡೆ.

ಚಂಪಕ್ಕ ಬಾಡಿಗೆಯ ಕೋಣೆ ತೋರಿಸಿ, ಕಾಫಿ ಲೋಟವನ್ನು ತಟ್ಟೆಯಲ್ಲಿಟ್ಟು ತಂದರು. "ಅಯ್ಯೋ, ಇದೆಲ್ಲ ಯಾಕಮ್ಮ, ಬಿಡಿ" ಅಂದೆ ಸೌಜನ್ಯಕ್ಕೆ. ಅವರು ಲೋಟ, ತಟ್ಟೆ ಎರಡನ್ನೂ ಕೈಬಿಟ್ಟರು. ಕಾಲ ಮೇಲೆ ಬಿಸಿ ಕಾಫಿ ಬಿದ್ದು ನಾನು ಚೀರಿದಾಗ ಗಾಬರಿಯಲ್ಲಿ ಅವರ ಬಾಯಿಂದಲೂ "ಸುಮ್ಮನಿರಿ!" ಎಂದು ಬಂದುಬಿಟ್ಟಿತು. ಹೊತ್ತು ಮುಳುಗುವವರೆಗೆ ನನ್ನ ಗಂಟಲಿನಿಂದ ಒಂದು ಸ್ವರ ಹೊರಡಲಿಲ್ಲ. ಚಂಪಕ್ಕ ಕಾಲಿಗೆ ಬೆಣ್ಣೆ ಹಚ್ಚುತ್ತ ನೂರು ಸಲ ಕ್ಷಮೆ ಕೇಳಿದರು. ಅವರಿಗೆ ಗೊತ್ತಿರಲಿಲ್ಲ, ನನ್ನ ಜೀವನದಲ್ಲಿ ಅಷ್ಟು ನೆಮ್ಮದಿಯ ಮಧ್ಯಾಹ್ನ ಇನ್ನೊಂದಿರಲಿಲ್ಲ. ಯಾರೂ ನನ್ನಿಂದ ಉತ್ತರ ಬಯಸಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಗಂಟಲು ಬಿಟ್ಟುಕೊಂಡಿತು. "ಕೋಣೆ ನನಗೆ ಒಪ್ಪಿಗೆ" ಅಂದೆ.

ಅಲ್ಲಿ ಹಾಗೆ. ಯಾರಾದರೂ "ಕೂತ್ಕೊಳ್ಳಿ" ಅಂದರೆ ಕಾಲು ತಾನಾಗಿ ಕುರ್ಚಿ ಹುಡುಕುತ್ತಿತ್ತು. ಆ ಮರ್ಯಾದೆಯ ಮಾತು ಪಂಚೆ ಸರಿಮಾಡಿಕೊಳ್ಳುವಷ್ಟು, ಬೆಂಚಿನ ಧೂಳು ಕೊಡವುವಷ್ಟು ಪುರುಸೊತ್ತು ಕೊಡುತ್ತಿತ್ತು. ಕತ್ತಲಾದ ಮೇಲೆ ಬಿಡುಗಡೆ. "ಕೂತ್ಕೋ" ಅಂದರೆ ಮಾತ್ರ ಇದ್ದಲ್ಲೇ ಕೂರಬೇಕು, ಅದು ಚರಂಡಿಯಾದರೂ ಸರಿ. ಅಂದವರೇ ಬಾಯಿಬಿಟ್ಟು ಬೇರೆ ಮಾತು ಹೇಳುವವರೆಗೆ, ಇಲ್ಲವೇ ಅಷ್ಟೇ ಹತ್ತಿರದ ಇನ್ನೊಬ್ಬರು ಹೇಳುವವರೆಗೆ ಏಳುವಂತಿಲ್ಲ. ಹೆಸರು ಹಿಡಿದು ಹೇಳಿದರೆ ಆ ಒಬ್ಬರಿಗೆ, ಇಲ್ಲದಿದ್ದರೆ ಕೇಳಿಸಿಕೊಂಡವರಿಗೆಲ್ಲ. ಹಾಗಾಗಿ ಊರಿನಲ್ಲಿ ಯಾರೂ ಯಾರಿಗೂ ಏನನ್ನೂ ಮಾಡು ಅನ್ನುತ್ತಿರಲಿಲ್ಲ. "ಊಟಕ್ಕೆ ಕೂತವರನ್ನ ನೋಡೋದು ಅಂದ್ರೆ ನನಗೆ ಬಹಳ ಇಷ್ಟ ಮೇಷ್ಟ್ರೆ" ಎಂದು ಚಂಪಕ್ಕ ಬಾಗಿಲಲ್ಲಿ ನಿಲ್ಲುತ್ತಿದ್ದರು. "ಸಾರು ಇನ್ನೂ ಇದೆ ಅನ್ನೋ ಸುದ್ದಿ ಇದೆ" ಎಂದು ಪಾತ್ರೆ ಅಲ್ಲಾಡಿಸುತ್ತಿದ್ದರು. ಮಕ್ಕಳು ಹೇಳಿದ ಮಾತು ಕೇಳುವ ಊರು ಅದೊಂದೇ ಇರಬೇಕು. ಅದಕ್ಕೇ ಅಲ್ಲಿ ಯಾವ ತಾಯಿಯೂ ಹೇಳುತ್ತಿರಲಿಲ್ಲ. ನಾಯಿಗಳ ಮೇಲೆ ಮಾತ್ರ ಏನೂ ನಡೆಯುತ್ತಿರಲಿಲ್ಲ. ಊರಿನವರು ದಿನವೆಲ್ಲ ಅದುಮಿಟ್ಟುಕೊಂಡ ಬಾಯಿ ತೀಟೆಯನ್ನು ಅವುಗಳ ಮೇಲೆ ತೀರಿಸಿಕೊಳ್ಳುತ್ತಿದ್ದರು. ಸಂಜೆಯಾದರೆ ದೊಡ್ಡ ದೊಡ್ಡ ಮನುಷ್ಯರು ಜಗಲಿಗೆ ಬಂದು ನಾಯಿಯ ಹೆಸರು ಹಿಡಿದು "ಏಳು! ಬಾ! ಹೋಗು! ಬಾಲ ಅಲ್ಲಾಡಿಸು!" ಎಂದು ಕೂಗಿ ಹಗುರಾಗಿ ಒಳಗೆ ಹೋಗುತ್ತಿದ್ದರು. ನಾಯಿಗಳು ಕಿವಿ ಕೆರೆದುಕೊಳ್ಳುತ್ತಿದ್ದವು.

ಇಂಥ ಊರಿನ ನರ್ಸುಗಳಿಗೆ ನಾನು ಕಲಿಸಬೇಕಾಗಿದ್ದದ್ದು ಮುಖ್ಯವಾಗಿ ಆಜ್ಞೆಗಳನ್ನು. ಬಾಯಿ ತೆಗೆಯಿರಿ, ಉಸಿರೆಳೆಯಿರಿ, ಮಗ್ಗುಲಾಗಿ, ಕೈ ಮೇಲೆತ್ತಿ. ನರ್ಸಿಗೆ ಬೇರೆ ಯಾವ ಭಾಷೆ ಬೇಕು? ಅವರ ಆಸ್ಪತ್ರೆಯಲ್ಲಿ "ಉಸಿರು ಎಳ್ಕೊಂಡಿದ್ರೆ ಚೆನ್ನಾಗಿತ್ತು ತಾತ" ಎಂದು ಕಾಯುತ್ತಿದ್ದರು. ಎಕ್ಸ್-ರೇ ತೆಗೆಯುವವನು ತಾನೇ ಕೆನ್ನೆ ಉಬ್ಬಿಸಿ ಉಸಿರು ಹಿಡಿದು ತೋರಿಸುತ್ತಿದ್ದ, ರೋಗಿ ನೋಡಿ ಹಾಗೆಯೇ ಮಾಡುತ್ತಿದ್ದ. ಮೊದಲ ದಿನ ನಾನು ಹಲಗೆಯ ಮೇಲೆ ಎರಡು ಸಾಲು ಬರೆದೆ. ಆಬ್ರೆ ಅಂದರೆ ತೆಗೆ, ಆಬ್ರ ಅಂದರೆ ತೆಗೆಯಿರಿ. ರೆಸ್ಪಿರ ಅಂದರೆ ಉಸಿರಾಡು, ರೆಸ್ಪಿರೆ ಅಂದರೆ ಉಸಿರಾಡಿ. ತರಗತಿಯಲ್ಲಿ ಹಿರಿಯರಾದ ಸೆಲೀನಾ ಸಿಸ್ಟರ್ ಕನ್ನಡಕ ಮೇಲೇರಿಸಿ ನೋಡಿದರು.

"ಇದ್ಯಾವ ನ್ಯಾಯ ಮೇಷ್ಟ್ರೆ? ಒಂದು ಕಡೆ 'ಅ' ಅಂದ್ರೆ ಗೌರವ, ಇನ್ನೊಂದು ಕಡೆ ಅದೇ 'ಅ' ಅಂದ್ರೆ ಸಲಿಗೆ. ಪಾಪ, ಆ ದೇಶದ ಮುದುಕರು ಯಾವಾಗ ಸಿಟ್ಟಾಗಬೇಕು ಅಂತ ಹೇಗೆ ತಿಳ್ಕೋತಾರೆ?"

"ಕ್ರಿಯಾಪದ ನೋಡಿ..." ಎಂದು ಶುರುಮಾಡಿದೆ. ಹನ್ನೊಂದು ಜನರೂ ಹಲಗೆಯತ್ತ ತಿರುಗಿ, ಹೊತ್ತು ಮುಳುಗುವವರೆಗೆ ಅದನ್ನೇ ನೋಡುತ್ತ ಕೂತರು. ಅವತ್ತಿನ ಊಟ, ಡ್ಯೂಟಿ ಎಲ್ಲ ತಪ್ಪಿತು. ಆಮೇಲೆ ನಾನು ನಾಲಿಗೆ ಹಿಡಿತದಲ್ಲಿಟ್ಟುಕೊಳ್ಳುವುದನ್ನು ಕಲಿತೆ.

ಸ್ಪ್ಯಾನಿಷ್ ಆಜ್ಞೆ ಮೊದಲ ತಿಂಗಳು ಯಾರಿಗೂ ನಾಟಲಿಲ್ಲ. "ಸಿಯೆಂತೆಸೆ, ಸಿಯೆಂತೆಸೆ" ಎಂದು, ಅಂದರೆ ಕೂತ್ಕೊಳ್ಳಿ ಎಂದು, ನಾನು ಗಂಟಲು ಹರಿದುಕೊಂಡರೂ ಅವರು ನಿಂತೇ ನಗುತ್ತಿದ್ದರು. ಎರಡನೆಯ ತಿಂಗಳಿನ ಒಂದು ಬೆಳಗ್ಗೆ "ಆಬ್ರ ಲ ಬೋಕ" ಅಂದೆ. ಹನ್ನೊಂದು ಬಾಯಿಗಳು ಒಂದರ ಹಿಂದೊಂದು ತೆರೆದುಕೊಂಡವು. ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಹಾಗೇ ಇದ್ದವು. ಸೆಲೀನಾ ಸಿಸ್ಟರ್ ಕಣ್ಣಿನಲ್ಲೇ ಬೈಯುತ್ತಿದ್ದರು. ನನಗೆ ಕುಣಿಯುವಷ್ಟು ಖುಷಿ. ಭಾಷೆ ಇಳಿದಿದೆಯೋ ಇಲ್ಲವೋ ಎಂದು ತಿಳಿಯಲು ಆ ಊರಿನಲ್ಲಿ ಪರೀಕ್ಷೆ ಬೇಕಾಗಿರಲಿಲ್ಲ. ಮೈ ಕೇಳಿದರೆ ಕಲಿತರೆಂದು ಅರ್ಥ. ಮೊದಲು ಬಾಯಿ ತೆರೆದವರು, ಕೊನೆಗೆ ಮುಚ್ಚಿದವರು ವನಮಾಲಾ. ಅಷ್ಟು ಆಳಕ್ಕೆ ಇಳಿದಿತ್ತು.

ವನಮಾಲಾಗೆ ಮೂವತ್ತೊಂದು ವರ್ಷ. ಕಡಿಮೆ ಮಾತು, ಹುಬ್ಬಿನಲ್ಲೇ ತಮಾಷೆ. ನಾನು ಅವರನ್ನು ಎಲ್ಲರಂತೆ ಸಿಸ್ಟರ್ ಎನ್ನುತ್ತಿದ್ದೆ, ಬೇರೇನಾದರೂ ಅನ್ನಲು ಧೈರ್ಯವಿರಲಿಲ್ಲ. ಡ್ಯೂಟಿ ಮುಗಿದ ಸಂಜೆಗಳಲ್ಲಿ ಇಬ್ಬರೂ ಊರಾಚೆಯ ಸೇತುವೆಯವರೆಗೆ ನಡೆದು ಹೋಗಿ ಕಡಲೆಕಾಯಿ ತಿನ್ನುತ್ತ ಕೂರುತ್ತಿದ್ದೆವು. ಆಡಿದ್ದಕ್ಕಿಂತ ಆಡದೆ ಬಿಟ್ಟದ್ದೇ ಹೆಚ್ಚು. ಇನ್ನೊಬ್ಬರ ಜೊತೆ ಸುಮ್ಮನೆ ಕೂರುವುದಕ್ಕೂ ಒಬ್ಬನೇ ಸುಮ್ಮನೆ ಕೂರುವುದಕ್ಕೂ ಇಷ್ಟು ವ್ಯತ್ಯಾಸವಿದೆ ಎಂದು ನನಗೆ ತಿಳಿದದ್ದು ಅಲ್ಲಿ.

ಒಂದು ಸಂಜೆ ಅವರು ಸಿಪ್ಪೆ ಕೊಡವಿ ಎದ್ದರು. "ನೋಡೋರಿದ್ರೆ ಒಂದು ತಮಾಷೆ ಇದೆ ಮೇಷ್ಟ್ರೆ." ಸೇತುವೆಯ ಮೇಲೆ ನಡೆದರು. ಮೂರನೆಯ ಚಪ್ಪಡಿ ದಾಟುವಾಗ ಅವರ ಎರಡೂ ಪಾದಗಳು ಗಾಣದ ಎತ್ತಿನಂತೆ ಸುತ್ತು ತಿರುಗಿ ಊರಿನ ಕಡೆ ಮುಖಮಾಡಿದವು. ಮತ್ತೆ ಹೋದರು, ಮತ್ತೆ ತಿರುಗಿದವು. ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಕಾರಣ ಹೇಳಿದರು.

ಆ ಊರಿನಲ್ಲಿ ಯಾರಾದರೂ ದೂರ ಹೊರಟರೆ ಬೀಳ್ಕೊಡಲು ಬಂದವರೆಲ್ಲ ಬಾಯಲ್ಲಿ ಒಂದೊಂದು ದೊಡ್ಡ ಕಲ್ಲುಸಕ್ಕರೆ ಇಟ್ಟುಕೊಳ್ಳುತ್ತಾರೆ, ಬಸ್ಸು ಸೇತುವೆ ದಾಟುವವರೆಗೆ. ದುಃಖದಲ್ಲಿ ಯಾರ ಬಾಯಿಂದ ಏನು ಬಂದೀತೆಂದು ಹೇಳಲಾಗದು. ಏಳು ವರ್ಷದ ಹಿಂದೆ ವನಮಾಲಾಗೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಅವರ ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಗಡಿಯಾರದ ಮುಂದೆ ಎಷ್ಟು ತಾಳ್ಮೆಯೋ ಸಿಹಿಯ ಮುಂದೆ ಅಷ್ಟೇ ಅವಸರ. ಬಸ್ಸು ಹೊರಡುವ ಮೊದಲೇ ಕಲ್ಲುಸಕ್ಕರೆಯನ್ನು ಕಟಕಟ ಕಡಿದು ನುಂಗಿಬಿಟ್ಟಿದ್ದರು. ಖಾಲಿ ಬಾಯಿಂದ "ಹೋಗಬೇಡ ಮಗಳೇ" ಎಂದು ಬಂತು. ಮಗಳು ಪೆಟ್ಟಿಗೆಯೊಂದಿಗೆ ಇಳಿದರು. ಅಪ್ಪ ನಾಳೆ ವಾಪಸ್ ತಗೋತೀನಿ, ನಾಳೆ ತಗೋತೀನಿ ಅನ್ನುತ್ತ ಒಂದು ತಿಂಗಳು ತಳ್ಳಿದರು. ಅಷ್ಟರಲ್ಲಿ ಲಕ್ವ ಹೊಡೆದು ಮಾತು ನಿಂತಿತು. ಆಮೇಲೆ ಎರಡು ವರ್ಷ ಇದ್ದರಂತೆ. ಮಗಳನ್ನು ಕಂಡಾಗಲೆಲ್ಲ ತುಟಿ ಆಡಿಸುತ್ತಿದ್ದರಂತೆ.

"ಮತ್ತೆ ಸ್ಪ್ಯಾನಿಷ್ ಯಾಕೆ ಕಲೀತಿದೀರಿ ಸಿಸ್ಟರ್?"

"ಕಟ್ಟಿರೋದು ಕಾಲು ಮೇಷ್ಟ್ರೆ. ತಲೆ ಅಲ್ಲ."

ಮತ್ತೆ ಕೂತು ಅವರೇ ಹೇಳಿದರು: "ದೊಡ್ಡ ಆಸೆ ಏನಿಲ್ಲ. ಎಲ್ಲಿಗಾದ್ರೂ ಹೋಗಬೇಕು. ಅಲ್ಲಿ ಒಂದು ದಿನ, ವಾಪಸ್ ಹೋಗೋಣ ಅಂತ ನನಗೇ ಅನ್ನಿಸಬೇಕು. ಈ ಕಾಲಿಗಲ್ಲ, ನನಗೆ."

ಪರೀಕ್ಷೆಯಲ್ಲಿ ಹನ್ನೊಂದು ಜನರೂ ಪಾಸಾದರು. ಮೊದಲು ಕೆಲಸಕ್ಕೆ ಕರೆ ಬಂದದ್ದು ವನಮಾಲಾಗೆ, ಇಪ್ಪತ್ತು ದಿನದೊಳಗೆ ಹಾಜರಾಗಬೇಕೆಂದು. ಊರಿಗೆ ಊರೇ ಯೋಚನೆಗೆ ಬಿತ್ತು. ಚಂಪಕ್ಕ ಮೊದಲು ಪ್ರಯತ್ನಿಸಿದರು. ಮಗಳನ್ನು ಸೇತುವೆಗೆ ಕರೆದುಕೊಂಡು ಹೋಗಿ, ಕಣ್ಣು ಮುಚ್ಚಿ, "ವನಮಾಲಾ, ಹೋಗಿ ಬಾ" ಅಂದರು. ಮಗಳು ಸೇತುವೆ ದಾಟಿದರು, ಹತ್ತು ಹೆಜ್ಜೆ ಹೋದರು, ಬಂದರು. ಮೂರು ಸಲ ಹಾಗೆಯೇ ಆಯಿತು. ಆ ಎರಡರಲ್ಲಿ ಬರೀ ಮೊದಲಿನ ಮಾತು ಸಾಕಾಗಿತ್ತು, ಅದು ಆ ತಾಯಿಯ ನಾಲಿಗೆಗೆ ಬರಲೊಲ್ಲದು. "ಹೇಗೆ ಬರುತ್ತೆ?" ಅಂದರು ಸೆಲೀನಾ ಸಿಸ್ಟರ್. "ಬಾ ಸೇರಿಸದೆ ಹೋಗು ಅಂತ ನಮ್ಮೂರಲ್ಲಿ ಹೇಳೋದು ಸ್ಮಶಾನದಲ್ಲಿ ಮಾತ್ರ. ನಾನಂತೂ ಹೇಳೋಳಲ್ಲ. ಅವಳು ನನ್ನ ಕೈಯಲ್ಲಿ ಬೆಳೆದೋಳು." ಬಸ್ಸಿನ ಕಂಡಕ್ಟರನನ್ನು ಒಪ್ಪಿಸಿ ಹೇಳಿಸಿದರು. ಅವನು ಧೈರ್ಯ ಮಾಡಿ "ವನಮಾಲಾ, ಹೋಗು" ಅಂದ. ವನಮಾಲಾ ಹುಬ್ಬೇರಿಸಿ ಅವನನ್ನೇ ನೋಡುತ್ತ ನಿಂತರು. ಸಲಿಗೆ ಇಲ್ಲದವನ ಏಕವಚನ ಕಿವಿಗೆ ಚುಚ್ಚುತ್ತದೆ, ಕಾಲಿಗೆ ಇಳಿಯುವುದಿಲ್ಲ. ಅವನು ಮೂರು ದಿನ ಅವರ ಕಣ್ಣು ತಪ್ಪಿಸಿಕೊಂಡು ಓಡಾಡಿದ.

ನಾನು ಸ್ಪ್ಯಾನಿಷ್ ಬಳಸಿ ನೋಡೋಣವೆಂದೆ. ಸೇತುವೆಯ ಮೇಲೆ ಮೊದಲು ಹೋಗಿ ಎಂಬರ್ಥದಲ್ಲಿ, ಮರ್ಯಾದೆಯಾಗಿ "ವಾಯಾಸೆ" ಅಂದೆ. ಮೈಲಿಗಲ್ಲು ಮುಟ್ಟಿ ಮರಳಿದರು. ಧೈರ್ಯ ತಂದುಕೊಂಡು "ವೆತೆ" ಅಂದೆ, ಅದು ಸಲಿಗೆಯ ಮಾತು, ಪರಭಾಷೆಯಲ್ಲಿ ಆಡಲು ಅಷ್ಟು ಕಷ್ಟವಿಲ್ಲ. ಹುಣಸೆಮರದವರೆಗೆ ಹೋಗಿ ಬಂದರು. ನಗುತ್ತ ಏದುಸಿರು ಬಿಟ್ಟರು. "ನಾನು ಕಲಿತ ಸ್ಪ್ಯಾನಿಷ್ ಇಷ್ಟು ದೂರದ್ದು ಮೇಷ್ಟ್ರೆ. ಇನ್ನೊಂದು ವರ್ಷ ಪಾಠ ಆಗಿದ್ದಿದ್ರೆ ರೈಲ್ವೆ ಸ್ಟೇಷನ್ ಮುಟ್ಟಬಹುದಿತ್ತು."

ಇನ್ನೊಂದು ವರ್ಷ. ನಿಜ ಹೇಳಬೇಕೆಂದರೆ ಆ ಯೋಚನೆ ನನಗೆ ಬಹಳ ಹಿಡಿಸಿತು. ಎರಡು ದಿನ ಅದನ್ನು ಒಳಗೇ ಚಪ್ಪರಿಸಿದೆ. ವೃದ್ಧಾಶ್ರಮಕ್ಕೆ ಕಾಗದ ಬರೆದು ಸಮಯ ಕೇಳಬಹುದು, ಪಾಠ ಮುಂದುವರಿಸಬಹುದು, ಸಂಜೆ ಕಡಲೆಕಾಯಿ ತಿನ್ನಬಹುದು. ಮೂರನೆಯ ದಿನ ಚಂಪಕ್ಕ ತಟ್ಟೆಗೆ ಹುಳಿ ಬಡಿಸುತ್ತ, ನನ್ನ ಮುಖ ನೋಡದೆ ಹೇಳಿದರು:

"ನಿಮ್ಮ ಬಾಯಿಂದ ಆ ಮಾತು ಬಂದಿದ್ರೆ ಚೆನ್ನಾಗಿತ್ತು. ಕನ್ನಡದಲ್ಲಿ."

"ನಾನು ಅವರನ್ನ ನೀವು ಅಂತೀನಿ ಚಂಪಕ್ಕ."

"ಬಾಯಲ್ಲಿ ಅಂತೀರಿ."

ಅನ್ನ ಕಲಸುತ್ತಲೇ ಇದ್ದೆ. "ಬೇಕಾದರೆ 'ಹೋಗಿ ಸಿಸ್ಟರ್' ಅಂತ ಗೌರವದಿಂದ ಹೇಳಬಲ್ಲೆ."

"ಗೌರವ ಕೊಟ್ಟು ಕಳಿಸಿದ್ರೆ ಕತ್ತಲಾಗೋ ಹೊತ್ತಿಗೆ ರೈಲು ಇಳಿದು ನಡ್ಕೊಂಡು ಬರ್ತಾಳೆ, ಪೆಟ್ಟಿಗೆ ಹೊತ್ಕೊಂಡು."

"ಏಕವಚನ ನಾಟದೆ ಹೋದ್ರೆ? ಕಂಡಕ್ಟರ್ ಕತೆ ಆಯ್ತಲ್ಲ."

ಚಂಪಕ್ಕ ಈಗ ನನ್ನನ್ನು ನೋಡಿದರು. "ಎಂಟು ತಿಂಗಳಿಂದ ನಿಮಗೆ ಬಡಿಸ್ತಿದೀನಿ ಮೇಷ್ಟ್ರೆ. ಅವಳು ಡ್ಯೂಟಿಯಿಂದ ಬರೋದು ತಡವಾದ ದಿನ ನೀವು ತಟ್ಟೇಲಿ ಎಷ್ಟು ಅನ್ನ ಬಿಡ್ತೀರಿ ಅಂತ ನನಗೆ ಗೊತ್ತು. ಮಜ್ಜಿಗೆ ಇದೆ ಅನ್ನೋ ಸುದ್ದಿ ಇದೆ."

ಹಾಗೆ ಅದು ನನ್ನ ಮೇಲೆ ಬಂತು. ಗಲ್ಲದ ಗಾಯಕ್ಕೆ ಸ್ಫಟಿಕ ಒತ್ತಿಕೊಳ್ಳುತ್ತ ಕನ್ನಡಿಯ ಮುಂದೆ ಇನ್ನೊಮ್ಮೆ ಎಲ್ಲವನ್ನೂ ತೂಗಿ ನೋಡಿದೆ. ಮಾತು ನಾಟದಿದ್ದರೆ ಅವರು ಉಳಿಯುತ್ತಾರೆ, ಆದರೆ ನನ್ನ ಮನಸ್ಸಿನಲ್ಲಿ ಏನೂ ಇಲ್ಲವೆಂದು ಊರಿನ ಮುಂದೆ, ಅವರ ಮುಂದೆ ತೀರ್ಮಾನವಾಗುತ್ತದೆ. ನಾಟಿದರೆ ಏನಿದೆಯೆಂದು ಎಲ್ಲರಿಗೂ ತಿಳಿಯುತ್ತದೆ, ಅವರು ಮಾತ್ರ ಇರುವುದಿಲ್ಲ. ಎರಡರಲ್ಲಿ ಯಾವುದನ್ನು ಬಯಸುತ್ತಿದ್ದೇನೆಂದು ನನಗೆ ಮಧ್ಯಾಹ್ನದವರೆಗೂ ತಿಳಿಯಲಿಲ್ಲ.

ನಾಲ್ಕು ಗಂಟೆಗೆ ಸೇತುವೆಯ ಬದಿಯ ಬಸ್ ನಿಲ್ದಾಣದಲ್ಲಿ ಅರ್ಧ ಊರು ನೆರೆದಿತ್ತು. ಎಲ್ಲರ ಕೆನ್ನೆಯೂ ಒಂದು ಕಡೆ ಉಬ್ಬಿತ್ತು, ಸಾಮೂಹಿಕವಾಗಿ ಹಲ್ಲುನೋವು ಬಂದಂತೆ. ಸೆಲೀನಾ ಸಿಸ್ಟರ್ ಎರಡೂ ಕೆನ್ನೆಗೆ ಒಂದೊಂದು ಇಟ್ಟುಕೊಂಡಿದ್ದರು. ತಮ್ಮ ಮೇಲೆ ಅವರಿಗೆ ನಂಬಿಕೆ ಕಡಿಮೆ. ಚಂಪಕ್ಕ ಡಬ್ಬಿ ಹಿಡಿದು ಒಬ್ಬೊಬ್ಬರ ಕೈಗೂ ಹಂಚುತ್ತ ಬಂದವರು ನನ್ನನ್ನು ದಾಟಿ ಮುಂದೆ ಹೋದರು. ಊರಿನಲ್ಲಿ ಖಾಲಿ ಬಾಯಿ ನನ್ನದೊಂದೇ. ಹೊರಡುವವರನ್ನು ಬಿಟ್ಟರೆ.

ವನಮಾಲಾ ಬಸ್ಸಿನ ಮೆಟ್ಟಿಲ ಮೇಲೆ ನಿಂತು ನನ್ನ ಕಡೆ ತಿರುಗಿದರು. ಕಂಡಕ್ಟರ್ ತನ್ನ ಕಲ್ಲುಸಕ್ಕರೆಯನ್ನು ದವಡೆಗೆ ಸರಿಸಿ, "ಬಸ್ಸು ಹೊರಡೋ ಯೋಚನೇಲಿದೆ" ಎಂದು ಗೊಣಗಿದ. ನಾನು ಇನ್ನೂ ನಿಂತೇ ಇದ್ದೆ. ಅವರು ಹುಬ್ಬು ಏರಿಸಲಿಲ್ಲ, ಕಾದರು. ಸೇತುವೆಯ ಮೇಲೆ ಕಾಯುತ್ತಿದ್ದಂತೆಯೇ, ಮಾತು ಬಂದರೂ ಸರಿ, ಬಾರದಿದ್ದರೂ ಸರಿ ಎಂಬಂತೆ.

"ವನಮಾಲಾ," ಅಂದೆ. ಸಿಸ್ಟರ್ ಎಂದು ಸೇರಿಸಲಿಲ್ಲ. "ಹೋಗು."

ಸೆಲೀನಾ ಸಿಸ್ಟರ್ ಶಿಲುಬೆಯ ಗುರುತು ಹಾಕಿಕೊಂಡರು. ಚಂಪಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು, ಕಲ್ಲುಸಕ್ಕರೆಯ ಮೇಲೆ. ಎಲ್ಲರೂ ಅವಳ ಕಾಲನ್ನೇ ನೋಡುತ್ತಿದ್ದರು. ಅವಳೂ ಒಂದು ಸಲ ಬಗ್ಗಿ ತನ್ನ ಪಾದಗಳನ್ನು ನೋಡಿಕೊಂಡಳು. ಅವು ಮೆಟ್ಟಿಲು ಹತ್ತಿದವು. ಒಳಗೆ ಹೋಗಿ ಕಿಟಕಿಯ ಪಕ್ಕ ಕೂತಳು. ಅವಳ ಕಿವಿ ಕೆಂಪಾಗಿತ್ತು, ನನ್ನದೂ ಆಗಿರಬೇಕು. ಊರು ಅವಳನ್ನು ಬಿಟ್ಟು ನನ್ನನ್ನು ನೋಡತೊಡಗಿತ್ತು. ಬಸ್ಸು ಅಲುಗಿದಾಗ ಅವಳು ಕಿಟಕಿಯಿಂದ ಕತ್ತು ಹಾಕಿ, ಮನೆಯಿಂದ ಹೊರಡುವ ಯಾರೇ ಆದರೂ ಅನ್ನುವ ಮಾತನ್ನೇ ಅಂದಳು. "ಬರ್ತೀನಿ ಮೇಷ್ಟ್ರೆ."

ಬಸ್ಸು ಸೇತುವೆಯ ಮೇಲೆ ಹೋಯಿತು. ಮೊದಲ ಚಪ್ಪಡಿ, ಎರಡನೆಯದು, ಮೂರನೆಯದು. ಮೂರನೆಯದನ್ನು ದಾಟಿತು. ಚಂಪಕ್ಕ ನನ್ನ ತೋಳು ಹಿಡಿದರು. ನಾಲ್ಕನೆಯ ಚಪ್ಪಡಿಯ ಮೇಲೆ ಬಸ್ಸು ಗಕ್ಕನೆ ನಿಂತುಬಿಟ್ಟಿತು.

ಉಬ್ಬಿದ ಕೆನ್ನೆಗಳೆಲ್ಲ ಒಟ್ಟಿಗೆ "ಹ್ಞಾಂ!" ಎಂದವು. ಬಸ್ಸಿನ ಬಾಗಿಲು ತೆರೆಯಿತು. ಇಳಿದವನು ಕಂಡಕ್ಟರ್. ಸೇತುವೆಯ ನಡುವೆ ಒಂದು ಕಂದು ನಾಯಿ ಅಡ್ಡ ಮಲಗಿತ್ತು. "ಏಳು! ನಡಿ! ಹೋಗು!" ಎಂದು ಅವನು ಕುಣಿದಾಡಿದ. ನಾಯಿ ಒಂದು ಕಣ್ಣು ತೆರೆದು ಅವನನ್ನು ನೋಡಿ ಮುಚ್ಚಿತು.

ಚಂಪಕ್ಕ ಅವಸರದಲ್ಲಿ ಡಬ್ಬಿ ತಡವಿ, ತಳದಲ್ಲಿ ಉಳಿದಿದ್ದ ಒಂದು ಸಣ್ಣ ಚೂರನ್ನು ನನ್ನ ಅಂಗೈಗೆ ಒತ್ತಿದರು. ಬಾಯಿಗೆ ಹಾಕಿಕೊಂಡೆ. ಡ್ರೈವರ್ ಇಳಿದ. ಅವನೂ ಕೂಗಿದ. ನಾಯಿ ಮಗ್ಗುಲು ಬದಲಿಸಿ ಹೊಟ್ಟೆ ಕೆರೆದುಕೊಂಡಿತು, ಕಿವಿ ಕೆರೆದುಕೊಂಡಿತು, ಬಾಲದ ಬುಡದಲ್ಲಿ ಏನನ್ನೋ ಹುಡುಕಿತು. ಕಿಟಕಿಯಲ್ಲಿ ಅವಳ ಮೊಣಕೈ ಕಾಣುತ್ತಿತ್ತು, ಗಾಳಿಗೆ ಹಾರುವ ಕೂದಲು ಕಾಣುತ್ತಿತ್ತು. ಅವಳು ತಿರುಗಿ ಇತ್ತಲೇ ನೋಡುತ್ತಿದ್ದಳು. ಚೂರು ತೆಳ್ಳಗಾಯಿತು, ದಾರದಷ್ಟಾಯಿತು, ಕರಗಿಹೋಯಿತು. ಬಾಯಿ ಖಾಲಿಯಾಯಿತು. ನಾಯಿ ಇನ್ನೂ ಎದ್ದಿರಲಿಲ್ಲ. ಕೂಗಿದರೆ ಕೇಳಿಸುವಷ್ಟು ದೂರದಲ್ಲೇ ಅವಳಿದ್ದಳು. ಆಮೇಲೆ ನಾಯಿ ತನಗೆ ಮನಸ್ಸಾದಾಗ ಎದ್ದು, ಮೈಕೊಡವಿ, ಊರಿನ ಕಡೆ ಬಂತು. ಬಸ್ಸು ಆ ಕಡೆ ಹೋಯಿತು.

ನಾನು 'ಬಾ' ಎಂದು ಹೇಳಲಿಲ್ಲ.